ಕೂದಲು ಹೋಗ್ತದ, ತಲೆ ಇರ್ತದ



ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಮೊನ್ನೆ ನಾನು ಹೋದ ವರ್ಷದ ಏಪ್ರಿಲ್ 14ರ ಫೋಟೊ ಹಾಕಿದ್ದೆ. ಕಾಳಗಿಯ ಮೆರವಣಿಗೆ, ಹೆಗಲ ಮೇಲೆ ನೀಲಿ ಶಾಲು, ತಲೆ ಮೇಲೆ ಒಂದು ಕೂದಲೂ ಇಲ್ಲ. ಲೈಕು ಬಂದವು, ಕಮೆಂಟಿನಲ್ಲಿ "ಗಟ್ಟಿಗಿತ್ತಿ" ಅಂದ್ರಿ, ಖುಷಿಯಾಯ್ತು. ಆದ್ರೆ ಇನ್‌ಬಾಕ್ಸ್‌ಗೆ ಬಂದದ್ದೇ ಬೇರೆ. ಚಿತ್ತಾಪುರದಿಂದ, ಶಹಾಬಾದ್‌ನಿಂದ, ಚಿಂಚೋಳಿ ಕಡೆಯಿಂದ ಹೆಣ್ಮಕ್ಕಳು ಕೇಳಿದ್ರು. "ಅಕ್ಕಾ, ಕಿಮೋ ಚಾಲೂ ಆಗ್ಯಾದ, ತಲಿ ಮುಟ್ಟಿದ್ರ ಉರಿ ಉರಿ ಆಗ್ತದ, ಏನ್ ಹಚ್ಚಲಿ?" "ಅಕ್ಕಾ, ಬೋಳಿಸ್ಬೇಕಾ, ತಾನೇ ಉದುರ್ಲಿ ಅಂತ ಬಿಡ್ಬೇಕಾ?" ಒಬ್ಬೊಬ್ಬರಿಗೆ ಗುಟ್ಟಾಗಿ ಉತ್ತರ ಕೊಡೋದಕ್ಕಿಂತ ಎಲ್ಲರ ಮುಂದೆ ಬರೆಯೋದು ಚಲೋ ಅನ್ನಿಸ್ತು. ಇದು ಗುಟ್ಟಿನ ಮಾತಾಗಿ ಉಳಿದದ್ದರಿಂದಲೇ ನಮಗೆ ಭಾಳ ನಷ್ಟ ಆಗಿದೆ.

ನಾನು ಡಾಕ್ಟರಲ್ಲ, ಬಿ.ಎ. ಓದಿದ ಗುಮಾಸ್ತೆ. ಸ್ತನ ಕ್ಯಾನ್ಸರ್‌ಗೆ 21 ದಿನಕ್ಕೊಂದರಂತೆ ಎಂಟು ಡೋಸ್ ತಗೊಂಡವಳು. ಆಸ್ಪತ್ರೆಯಲ್ಲಿ ಹೇಳಿಕೊಟ್ಟದ್ದು, ಓದಿದ್ದು, ನನ್ನ ತಲೆ ಮೇಲೆ ಅನುಭವಿಸಿದ್ದು ಇಷ್ಟನ್ನೇ ಬರೀತೀನಿ. ನಿಮ್ಮ ಡಾಕ್ಟರು ಬೇರೆ ಹೇಳಿದ್ರೆ ಅವರ ಮಾತೇ ಕೇಳಿ.

ಮೊದಲು ಯಾಕೆ ಬರೀತಿದ್ದೀನಿ ಅನ್ನೋದು. ನಮ್ಮ ಕಡೆಯ ಒಬ್ಬ ಹೆಣ್ಮಗಳು, ನನಗಿಂತ ಚಿಕ್ಕವಳು, ತೊಗರಿ ಹೊಲದ ಕೂಲಿಗೆ ಹೋಗ್ತಿದ್ಳು. ಎರಡು ಡೋಸ್ ಆದ ಮೇಲೆ ಮೂರನೇದಕ್ಕೆ ಹೋಗಲಿಲ್ಲ. ರೊಕ್ಕದ ತೊಂದರೆ ಇರಲಿಲ್ಲ, ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಸಿಗ್ತದೆ. ವಾಂತಿಯನ್ನೂ ತಡ್ಕೊಂಡಿದ್ಳು. ಮಗಳ ನಿಶ್ಚಿತಾರ್ಥ ಇತ್ತು. "ಬೋಳು ತಲಿ ಹೊತ್ಕೊಂಡು ಬೀಗರ ಮುಂದ ಹ್ಯಾಂಗ ನಿಲ್ಲಲಿ" ಅಂತ ಚಿಕಿತ್ಸೆ ನಿಲ್ಲಿಸಿದ್ಳು. ಕೂದಲು ವಾಪಸ್ ಬಂತು. ಗಡ್ಡೆಯೂ ಬಂತು. ಆಕೆ ಈಗಿಲ್ಲ. ಕೂದಲಿನ ನಾಚಿಕೆಗೆ ಜೀವ ಹೋಗಬಾರದು. ಈ ಬರಹಕ್ಕೆ ಇದೊಂದೇ ಕಾರಣ.

ಕೂದಲು ಯಾಕೆ ಉದುರ್ತದೆ? ಕ್ಯಾನ್ಸರ್ ಕಣಗಳು ಬೇಗ ಬೇಗ ಒಡೆದು ಬೆಳೀತವೆ. ಹಂಗ ಬೇಗ ಬೆಳೆಯೋ ಕಣಗಳನ್ನು ಕಿಮೋ ಔಷಧ ಹೊಡೀತದೆ. ಕೂದಲಿನ ಬುಡದ ಕಣಗಳೂ ಬೇಗ ಬೆಳೆಯೋವೇ, ಅವಕ್ಕೂ ಏಟು ಬೀಳ್ತದೆ. ಬಾಯಿ ಹುಣ್ಣಾಗೋದೂ ಇದೇ ಕಾರಣಕ್ಕೆ. ಎಲ್ಲಾ ಔಷಧಕ್ಕೂ ಪೂರ್ತಿ ಉದುರೋದಿಲ್ಲ. ಕೆಂಪು ಬಣ್ಣದ ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಇಂಥವಕ್ಕೆ ಸಾಮಾನ್ಯವಾಗಿ ಪೂರ್ತಿ ಹೋಗ್ತದೆ. ನಿಮಗೆ ಕೊಡೋದು ಯಾವುದು ಅಂತ ಮೊದಲೇ ಕೇಳಿ, ಕೇಳೋ ಹಕ್ಕು ನಿಮಗಿದೆ. ಮೊದಲ ಡೋಸ್ ಆಗಿ ಎರಡು ಮೂರು ವಾರಕ್ಕೆ ಉದುರೋದು ಶುರು. ಅದಕ್ಕೂ ಮುಂಚೆ ತಲೆಚರ್ಮ ನೋಯ್ತದೆ, ತುರಿಸ್ತದೆ. ಬಿಗಿಯಾಗಿ ಜಡೆ ಹಾಕಿ ಬಿಚ್ಚಿದಾಗ ನೋಯ್ತದಲ್ಲ, ಹಂಗ. ಆ ಉರಿಗೆ ಹೆದರಬೇಡಿ.

ಡಾಕ್ಟರು ಹೇಳೋದು ಏನಂದ್ರೆ, ಉದುರೋಕೆ ಮುಂಚೆನೇ ಕೂದಲು ಸಣ್ಣ ಮಾಡಿಸಿಬಿಡಿ. ಉದ್ದ ಕೂದಲ ಭಾರಕ್ಕೆ ನೋವು ಜಾಸ್ತಿ, ಗಂಟಾಗ್ತದೆ, ಹಾಸಿಗೆ ತುಂಬ ಉದುರಿದ್ದು ನೋಡಿ ಮನಸ್ಸು ಕೆಡ್ತದೆ. "ಕಟಿಂಗ್ ಮಾಡಿಸ್ಕೊಂಡು ಬರ್ರಿ" ಅಂತ ಅವರು ಸಸಾರ ಹೇಳಿಬಿಡ್ತಾರೆ. ನಮ್ಮವರು ಎಲ್ಲಿ ಮಾಡಿಸ್ಕೋಬೇಕು?

ಇದು ಹಳೇ ಕಥೆ ಅಲ್ಲ. 2020ರಲ್ಲಿ ನಂಜನಗೂಡು ತಾಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಕ್ಷೌರಿಕರಿಗೇ ಊರಿನ ಬಲಾಢ್ಯರು ದಂಡ ಹಾಕಿ ಬಹಿಷ್ಕಾರ ಹಾಕಿದ್ರು. 2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡೋದಿಲ್ಲ ಅನ್ನೋ ಜಗಳದಲ್ಲಿ ನಮ್ಮ ಹುಡುಗನೊಬ್ಬನನ್ನ ಕತ್ತರಿಯಿಂದ ಇರಿದು ಕೊಂದ್ರು. ಮರುವರ್ಷ ಅದೇ ಜಿಲ್ಲೆಯ ಮುದ್ದಾಬಳ್ಳಿಯಲ್ಲಿ ದಲಿತರಿಗೆ ಕ್ಷೌರ ಮಾಡೋದಕ್ಕಿಂತ ಅಂಗಡಿಯನ್ನೇ ಮುಚ್ಚಿದ್ದು ಪತ್ರಿಕೆಗಳಲ್ಲಿ ಬಂತು. ಹಲ್ಲರೆಯ ಸಂಗತಿ ಮರೀಬಾರದು. ಕತ್ತರಿ ಹಿಡಿದವರೂ ಹಿಂದುಳಿದವರೇ, ಹಡಪದ ಅಪ್ಪಣ್ಣನ ಬಳಗದವರು. ಅವರ ಕೈಯನ್ನ ಹಿಡಿದು ನಿಲ್ಲಿಸೋರು ಬೇರೆ ಇದ್ದಾರೆ. ನಮ್ಮ ಸಿಟ್ಟು ಯಾರ ಕಡೆ ತಿರುಗಬೇಕು ಅನ್ನೋದು ಗೊತ್ತಿರಲಿ.

ನಾನು ಸಣ್ಣವಳಿದ್ದಾಗ ನಮ್ಮ ಕೇರಿಯ ಗಂಡಸರ ಕಟಿಂಗ್ ನಮ್ಮ ಅಪ್ಪನೇ ಮಾಡ್ತಿದ್ದ. ಊರ ಅಂಗಡಿಯಲ್ಲಿ ನಮ್ಮವರಿಗೆ ಕುರ್ಚಿ ಇರಲಿಲ್ಲ. ಐತವಾರ ಬೇವಿನ ಗಿಡದ ಕೆಳಗೆ ಒಂದು ಕತ್ತರಿ, ಒಂದು ಬಾಚಣಿಗೆ, ಒಂದು ಒಡೆದ ಕನ್ನಡಿ. ಕಲಿತದ್ದು ಬೇಕಂತಲ್ಲ, ಬೇರೆ ದಾರಿ ಇರಲಿಲ್ಲ. ಅಪ್ಪನಿಂದ ಅದು ನಮ್ಮ ಅಣ್ಣನಿಗೆ ಬಂತು.

ನನ್ನ ಸರದಿ ಬಂದಾಗ ಮೊದಲು ಪಟ್ಟಣದ ಒಂದು ಬ್ಯೂಟಿ ಪಾರ್ಲರಿಗೆ ಹೋದೆ. ಕ್ಯಾನ್ಸರ್ ಅಂದ ಕೂಡಲೇ ಆಕೆ ಮೆಷಿನ್ ಒಳಗಿಟ್ಟಳು. "ಬ್ಯಾರೇಯವರಿಗೂ ಇದೇ ಬಳಸ್ಬೇಕ್ರಿ" ಅಂದಳು. ಕ್ಯಾನ್ಸರ್ ಅಂಟುಜಾಡ್ಯ ಅಲ್ಲ. ಮುಟ್ಟಿದ್ರೆ, ಒಂದೇ ತಾಟಿನಲ್ಲಿ ಉಂಡ್ರೆ, ಒಂದೇ ಬಾಚಣಿಗೆ ಬಳಸಿದ್ರೆ ಬರೋದಿಲ್ಲ. ಹೇಳಿದೆ, ಕೇಳಲಿಲ್ಲ. ಆಕೆ ಹೆದರಿದ್ದು ನನ್ನ ಜಡ್ಡಿಗೋ ಜಾತಿಗೋ ನನಗಿನ್ನೂ ಗೊತ್ತಿಲ್ಲ. ನಮ್ಮಂಥವರಿಗೆ ಎರಡೂ ಒಂದೇ ಮಾತಿನಲ್ಲಿ ಕೇಳಿಸ್ತವೆ: ಮುಟ್ಟಬ್ಯಾಡ. ಕೊನೆಗೆ ಮನೆ ಅಂಗಳದಲ್ಲಿ ಅಣ್ಣನೇ ಟ್ರಿಮ್ಮರ್ ಹಿಡಿದ. ಅವನ ಕೈ ನಡುಗ್ತಿತ್ತು, ನಾನೇ ಧೈರ್ಯ ಹೇಳ್ದೆ.

ಈಗ ತಲೆ ಆರೈಕೆಯ ವಿಷಯ. ಒಂದೊಂದಾಗಿ ಬರೀತೀನಿ, ಬೇಕಾದವರು ಉಳಿಸಿಟ್ಕೊಳ್ಳಿ.

ರೇಜರ್ ಬೇಡ, ಟ್ರಿಮ್ಮರ್ ಬಳಸಿ: ಬ್ಲೇಡಿನಿಂದ ನುಣ್ಣಗೆ ಬೋಳಿಸಬೇಡಿ. ಡೋಸ್ ಆದ ಮೇಲೆ ಬಿಳಿ ರಕ್ತಕಣ ಕಡಿಮೆಯಾಗ್ತವೆ, ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ಭಾಳ ಇಳೀತವೆ. ಪ್ಲೇಟ್‌ಲೆಟ್ ಕಡಿಮೆಯಾದ್ರೆ ರಕ್ತ ಬೇಗ ನಿಲ್ಲೋದಿಲ್ಲ. ಬ್ಲೇಡಿನ ಒಂದು ಸಣ್ಣ ಗಾಯ ಸಾಕು, ಕೀವಾಗ್ತದೆ. ಟ್ರಿಮ್ಮರಿನಲ್ಲಿ ಸಣ್ಣ ಕೂಳೆ ಉಳಿಯೋ ಹಂಗ ತೆಗೀರಿ. ಅದರ ಹಲ್ಲನ್ನ ಮೊದಲು ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ. ಉಳಿದ ಕೂಳೆ ಉದುರುವಾಗ ಸೂಜಿಯಂಗ ಚುಚ್ತದೆ. ಒದ್ದೆ ಮೆತ್ತನೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೀರಿ, ಉಜ್ಜಬೇಡಿ.

ತೊಳೆಯೋದು: ಕೂದಲು ಹೋದ್ರೂ ತಲೆ ತೊಳೀಬೇಕು. ಚರ್ಮ ಬೆವರ್ತದೆ, ಜಿಡ್ಡು ಬಿಡ್ತದೆ, ಸತ್ತ ಪೊರೆ ಏಳ್ತದೆ. ಮಕ್ಕಳ ಶಾಂಪೂ ಥರದ ಸೌಮ್ಯವಾದದ್ದು, ವಾಸನೆ ಇಲ್ಲದ್ದು ಸಿಕ್ರೆ ಇನ್ನೂ ಚಲೋ. ಬಟ್ಟೆ ಸೋಪು, ಸೀಗೇಪುಡಿ, ಸುಡುನೀರು ಮೂರೂ ಬೇಡ. ಬೇಸಿಗೆಯಲ್ಲಿ ನಮ್ಮ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ತಾನೇ ಕಾದಿರ್ತದೆ, ಮುಂಜಾನೆನೇ ಸ್ನಾನ ಮಾಡಿ. ಸೇಡಂ, ಚಿತ್ತಾಪುರ, ಕಾಳಗಿ ಭಾಗ ಸುಣ್ಣದಕಲ್ಲಿನ ನೆಲ, ಬೋರಿನ ನೀರು ಗಡುಸು. ನೊರೆ ಬರೋದಿಲ್ಲ ಅಂತ ಸೋಪು ಜಾಸ್ತಿ ಹಾಕ್ತೀವಿ, ಅದೂ ಸರಿಯಾಗಿ ಹೋಗದೆ ಚರ್ಮ ಬಿಗೀತದೆ. ನಾನು ಮಾಡಿದ್ದು ಏನಂದ್ರೆ, ಕೊನೆಯ ಒಂದು ತಂಬಿಗೆ ಮಾತ್ರ ಶುದ್ಧ ನೀರಿನ ಘಟಕದ ನೀರು ಹಾಕ್ಕೊಂಡೆ. ತುರಿಕೆ ಅರ್ಧ ಕಡಿಮೆಯಾಯ್ತು. ತೊಳೆದ ಮೇಲೆ ಟವೆಲ್ ಒತ್ತಿ ಒರೆಸ್ಕೊಳ್ಳಿ.

ಎಣ್ಣೆ, ಕ್ರೀಮು: ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ದಿನಕ್ಕೆ ಎರಡು ಸಲ ತೆಳುವಾಗಿ ಹಚ್ಚಿ. ಚರ್ಮಕ್ಕೆ ಒಗ್ಗಿದ್ರೆ ಸಾದಾ ಕೊಬ್ಬರಿ ಎಣ್ಣೆ ನಾಲ್ಕು ಹನಿ ನಡೀತದೆ. ಬಿಸಿ ಎಣ್ಣೆ ಬೇಡ, ಗಟ್ಟಿ ತಿಕ್ಕೋದು ಬೇಡ. ಗುಳ್ಳೆ, ಗಾಯ ಇದ್ದಲ್ಲಿ ಏನೂ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ.

ಬಿಸಿಲು: ಇಷ್ಟು ವರ್ಷ ಕೂದಲ ನೆರಳಲ್ಲಿದ್ದ ಚರ್ಮ ಅದು, ಬಿಸಿಲು ಕಂಡೇ ಇಲ್ಲ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ 42 ಡಿಗ್ರಿ ದಾಟ್ತದೆ. ಕೆಲವು ಕಿಮೋ ಔಷಧ ಚರ್ಮವನ್ನ ಬಿಸಿಲಿಗೆ ಇನ್ನೂ ಸೂಕ್ಷ್ಮ ಮಾಡ್ತವೆ. ಹೊರಗೆ ಹೋಗುವಾಗ ತಲೆ ಮುಚ್ಚಲೇಬೇಕು, ಮುಚ್ಚದ ಜಾಗಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಬಟ್ಟೆ ಕಾಟನ್ನೇ ಇರಲಿ. ಪಾಲಿಸ್ಟರ್ ಜಾರ್ತದೆ, ಬೆವರು ಹೀರೋದಿಲ್ಲ, ಗುಳ್ಳೆ ಏಳ್ತವೆ. ಅಪ್ಪನ ಹಳೇ ಧೋತರ ಕತ್ತರಿಸಿ ನಾನು ಆರು ಚೌಕ ಮಾಡ್ಕೊಂಡಿದ್ದೆ. ಒಗೆದು ಒಗೆದು ಮೆತ್ತಗಾದ ಬಟ್ಟೆಗಿಂತ ಒಳ್ಳೇದು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಫೋಟೊದಲ್ಲಿ ನಾನು ಬೋಳು ತಲೆಯಲ್ಲಿರೋದು ಸಂಜೆ ಹೊತ್ತು ಮುಳುಗಿದ ಮೇಲೆ. ಅದನ್ನ ನೋಡಿ ಯಾರೂ ಮಧ್ಯಾಹ್ನ ಹಂಗ ಓಡಾಡಬೇಡಿ.

ರಾತ್ರಿ: ದಿಂಬಿನ ಚೀಲ ಕಾಟನ್ ಇರಲಿ, ಎರಡು ದಿನಕ್ಕೊಮ್ಮೆ ಒಗೀರಿ. ಉದುರೋ ದಿನಗಳಲ್ಲಿ ತಲೆಗೆ ಬಟ್ಟೆ ಕಟ್ಕೊಂಡು ಮಲಗಿ, ಹಾಸಿಗೆ, ಊಟದ ತಾಟು ಸ್ವಚ್ಛ ಇರ್ತವೆ. ಚಳಿಗಾಲದಲ್ಲಿ ಬೋಳು ತಲೆ ತಣ್ಣಗಾಗ್ತದೆ, ಮೆತ್ತನೆ ಟೊಪ್ಪಿಗೆ ಹಾಕ್ಕೊಳ್ಳಿ.

ಹುಬ್ಬು, ರೆಪ್ಪೆ: ಅವೂ ಹೋಗಬಹುದು. ರೆಪ್ಪೆ ಇಲ್ಲದ ಕಣ್ಣಿಗೆ ಧೂಳು ನೇರ ಬೀಳ್ತದೆ. ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಲಾರಿಗಳ ಹಿಂದೆ ಹೋಗೋರು ಸಾದಾ ಕನ್ನಡಕ ಹಾಕ್ಕೊಳ್ಳಿ.

ಬೇಡವಾದವು: ಈರುಳ್ಳಿ ರಸ, ಬೆಳ್ಳುಳ್ಳಿ, ಔಡಲ ಎಣ್ಣೆ ಕಾಯಿಸಿದ್ದು, ನಿಂಬೆ, ಬೂದಿ, ಗೋಮೂತ್ರ. ಇವೆಲ್ಲ ನನಗೂ ಹೇಳಿದ್ರು. ಗೋಮೂತ್ರ ಹೇಳಿದವರು ಒಬ್ಬರು ಪದವೀಧರರು! ಬುಡದ ಕಣಕ್ಕೆ ಒಳಗಿನಿಂದ ಔಷಧದ ಏಟು ಬಿದ್ದಿರುವಾಗ ಮೇಲಿಂದ ಏನು ಸುರಿದ್ರೂ ಕೂದಲು ನಿಲ್ಲೋದಿಲ್ಲ, ಚರ್ಮ ಮಾತ್ರ ಸುಡ್ತದೆ. ಮೆಹಂದಿ, ಡೈ ಕೂಡ ಸದ್ಯಕ್ಕೆ ಬೇಡ. ಕಿಮೋ ನಡುವೆ ಹೋಳಿ ಹುಣ್ಣಿಮೆ ಬಂದ್ರೆ ಬಣ್ಣದಿಂದ ದೂರ ಇರಿ. ಜಾತ್ರೆಯಲ್ಲಿ ಭಂಡಾರ ಎರಚಿದ್ರೆ ಮನೆಗೆ ಬಂದು ತೊಳ್ಕೊಳ್ಳಿ. ಕೂದಲು ಉಳಿಸೋಕೆ ತಲೆ ತಣ್ಣಗೆ ಮಾಡೋ ಕೋಲ್ಡ್ ಕ್ಯಾಪ್ ಅಂತ ಒಂದಿದೆ. ದೊಡ್ಡ ನಗರದ ಕೆಲವು ಆಸ್ಪತ್ರೆಗಳಲ್ಲಿ, ಖರ್ಚು ಜಾಸ್ತಿ, ಎಲ್ಲರಿಗೂ ಫಲ ಕೊಡೋದಿಲ್ಲ, ರಕ್ತದ ಕ್ಯಾನ್ಸರ್‌ಗೆ ಕೊಡೋದಿಲ್ಲ. ಮನೆಯಲ್ಲಿ ಐಸ್ ಕಟ್ಟಿ ಪ್ರಯೋಗ ಮಾಡಬೇಡಿ.

ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ: ತಲೆ ಮೇಲೆ ಕೆಂಪು ಗುಳ್ಳೆ ಎದ್ದು ಕೀವು ತುಂಬಿದ್ರೆ, ನೀರು ಸೋರಿದ್ರೆ, ಬಾತು ಬಿಸಿಯಾದ್ರೆ ತೋರಿಸಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ರಾತ್ರಿಯಾದ್ರೂ ಕಾಯಬೇಡಿ. ಮಾತ್ರೆ ನುಂಗಿ ಮಲಗಬೇಡಿ. ಬಿಳಿ ಕಣ ಇಲ್ಲದ ಹೊತ್ತಲ್ಲಿ ಜ್ವರ ಅಂದ್ರೆ ಜೀವದ ಪ್ರಶ್ನೆ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು.

ವಿಗ್ ಬಗ್ಗೆ ಕೇಳಿದೀರಿ. ಹಾಕ್ಕೊಳ್ಳೋದು ತಪ್ಪಲ್ಲ, ನಿಮ್ಮ ಇಷ್ಟ. ಒಳಗೆ ಕಾಟನ್ ಟೊಪ್ಪಿಗೆ ಇರಲಿ, ಮನೆಯಲ್ಲಿ ತೆಗೆದಿಡಿ, ಬೆವರಿನಲ್ಲಿ ನೆನೆಯೋಕೆ ಬಿಡಬೇಡಿ. ನಿಜವಾದ ಕೂದಲಿನ ವಿಗ್ ಬೆಲೆ ಕೇಳಿದ ಮೇಲೆ ನನಗೆ ಬೇರೆಯದೇ ಯೋಚನೆ ಬಂತು. ನಮ್ಮ ಅವ್ವ, ಅತ್ತಿಗೆಯರು ಬಾಚಿದಾಗ ಬಂದ ಕೂದಲನ್ನ ಸುತ್ತಿ ಗೋಡೆಯ ಸಂದಿಯಲ್ಲಿ ಇಡ್ತಿದ್ರು. "ಕೂದಲಿಗೆ ಪಾತ್ರೆ" ಅಂತ ಕೂಗ್ತಾ ಬಂದವನಿಗೆ ಕೊಟ್ಟು ಒಂದು ಸ್ಟೀಲ್ ಬಟ್ಟಲು ತಗೊಳ್ತಿದ್ರು. ಹಂಗ ಊರೂರಿಂದ ಬಂದ ಕೂದಲ ಗಂಟು ಬಿಡಿಸಿ, ಉದ್ದ ಅಳೆದು, ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸೋ ದೊಡ್ಡ ಕೇಂದ್ರ ನಮ್ಮ ರಾಜ್ಯದಲ್ಲೇ ಇದೆ, ಕೊಪ್ಪಳದ ಭಾಗ್ಯನಗರ. ಯಾವ ಜಿಲ್ಲೆಯಲ್ಲಿ ಕಟಿಂಗ್ ಕೇಳಿದ್ದಕ್ಕೆ ನಮ್ಮ ಹುಡುಗನ ಜೀವ ಹೋಯ್ತೋ ಅದೇ ಜಿಲ್ಲೆ. ಚೀಲದಲ್ಲಿದ್ದಾಗ ಕೂದಲಿಗೆ ಜಾತಿ ಇಲ್ಲ, ತಿರುಮಲದ ಹರಾಜಿನಲ್ಲೂ ಇಲ್ಲ. ತಲೆ ಮೇಲಿದ್ದಾಗ ಮಾತ್ರ ಇದೆ.

ಬೋಳು ತಲೆ ನೋಡಿ ಮಂದಿ ಏನೇನು ಕೇಳ್ತಾರೆ ಅನ್ನೋದಕ್ಕೂ ತಯಾರಿರಿ. ನಾನು ಕೆಲಸಕ್ಕೆ ವಾಪಸ್ ಹೋದ ದಿನ ಒಬ್ಬರು "ತಿರುಪತಿಗೆ ಹೋಗಿದ್ರೇನ್ರಿ?" ಅಂದ್ರು. ಇನ್ನೊಬ್ಬರು ಮೆಲ್ಲಗೆ "ಮನ್ಯಾಗ ಯಾರರ ತೀರ್ಕೊಂಡ್ರಾ?" ಅಂದ್ರು. ಹೆಣ್ಣಿನ ಬೋಳು ತಲೆಗೆ ನಮ್ಮ ಸಮಾಜದಲ್ಲಿ ಮೂರೇ ಅರ್ಥ: ಹರಕೆ, ವಿಧವೆ, ಶಿಕ್ಷೆ. ಜಡ್ಡು ಅನ್ನೋ ನಾಲ್ಕನೇ ಅರ್ಥ ಇನ್ನೂ ಬಂದಿಲ್ಲ.

ವಿಧವೆಯ ತಲೆ ಬೋಳಿಸೋದು ನಮ್ಮ ಕೇರಿಯ ಪದ್ಧತಿ ಅಲ್ಲವೇ ಅಲ್ಲ, ಅದು ಮೇಲ್ಜಾತಿಗಳದು. 1890ರಲ್ಲಿ ಮುಂಬೈಯಲ್ಲಿ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ ಕ್ಷೌರಿಕರನ್ನೆಲ್ಲ ಸಭೆ ಸೇರಿಸಿದ್ರು. ಇನ್ನು ಮೇಲೆ ವಿಧವೆಯರ ತಲೆ ಬೋಳಿಸೋದಿಲ್ಲ ಅಂತ ಆ ಕ್ಷೌರಿಕರು ತೀರ್ಮಾನ ಮಾಡಿದ್ರು. ಕತ್ತರಿ ಹಿಡಿದವರು ಹೆಣ್ಣಿನ ಮಾನಕ್ಕಾಗಿ ನಿಂತ ಚರಿತ್ರೆಯೂ ನಮ್ಮದೇ. ಪದ್ಧತಿ ಅವರದಾದ್ರೂ ಅದರ ನಾಚಿಕೆ ಮಾತ್ರ ನಮ್ಮ ಕೇರಿಗೆ ಬಂದು ಕೂತಿದೆ. ಇನ್ನು ಶಿಕ್ಷೆ. ದಲಿತರ ತಲೆ ಬೋಳಿಸಿ ಮೆರವಣಿಗೆ ಮಾಡೋದು ಎಷ್ಟು ನಡೆದಿದೆ ಅಂದ್ರೆ, ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದಾಗ ಬಲವಂತವಾಗಿ ತಲೆ ಬೋಳಿಸೋದನ್ನ, ಮೀಸೆ ತೆಗೆಯೋದನ್ನ ಹೆಸರು ಹೇಳಿ ಅಪರಾಧ ಅಂತ ಬರೀಬೇಕಾಯ್ತು. ನಮ್ಮ ಅಜ್ಜಿಯರಿಗೆ ಬೋಳು ತಲೆ ಕಂಡ್ರೆ ಹೆದರಿಕೆ ಆಗೋದು ಸುಮ್ಮನೆ ಅಲ್ಲ. ಅದಕ್ಕೇ ಅವರನ್ನ ಬೈಬೇಡಿ, ಕೂಡಿಸ್ಕೊಂಡು ಹೇಳಿ: ಅವ್ವಾ, ಇದು ಯಾರೂ ಮಾಡಿದ ಅವಮಾನ ಅಲ್ಲ, ಔಷಧ ಕೆಲಸ ಮಾಡ್ಲಿಕತ್ತದ.

1927ರ ಡಿಸೆಂಬರ್‌ನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೆಣ್ಮಕ್ಕಳನ್ನ ಉದ್ದೇಶಿಸಿ ಮಾತಾಡಿದ್ರು. ನೋಡಿದ ಕೂಡಲೇ ಅಸ್ಪೃಶ್ಯರು ಅಂತ ಗುರುತು ಹಚ್ಚೋ ಉಡುಗೆ, ಒಡವೆ ಬಿಡಿ, ಸ್ವಚ್ಛವಾಗಿರಿ ಅಂದ್ರು. ಕೆರೆಯ ನೀರಿನ ಹೋರಾಟದ ನಡುವೆ ಸೀರೆಯ ಮಾತು ಯಾಕೆ ಅಂತ ಕಾಲೇಜಿನಲ್ಲಿದ್ದಾಗ ನನಗೆ ಅನ್ನಿಸಿತ್ತು. ಎಂಟು ಡೋಸ್ ಮುಗಿಯೋ ಹೊತ್ತಿಗೆ ಅರ್ಥವಾಯ್ತು. ನಮ್ಮ ಮೈಯನ್ನ ನಾವು ಮರ್ಯಾದೆಯಿಂದ ನೋಡ್ಕೊಳ್ಳೋದು ಚಳವಳಿಯ ಹೊರಗಿನ ಕೆಲಸ ಅಲ್ಲ. ದಿನಾ ಎರಡು ಸಲ ಬೋಳು ತಲೆಗೆ ಕ್ರೀಮು ಹಚ್ಕೊಳ್ಳೋಕೆ ಹತ್ತು ನಿಮಿಷ ಬೇಕು. ಮನೆ, ಆಫೀಸು, ಸಂಘಟನೆ ಅಂತ ಓಡೋ ನಮ್ಮ ಹೆಣ್ಮಕ್ಕಳು ತಮಗಾಗಿ ಆ ಹತ್ತು ನಿಮಿಷ ಯಾವತ್ತು ತಗೊಂಡಿದ್ದಾರೆ?

ಕೂದಲು ವಾಪಸ್ ಬರ್ತದೆ. ಕಿಮೋ ಮುಗಿದು ಕೆಲವು ವಾರಕ್ಕೆ ಪೀಚಿನ ಸಿಪ್ಪೆಯಂಥ ಮೆತ್ತನೆ ರೋಮ ಬರ್ತದೆ, ಎರಡು ಮೂರು ತಿಂಗಳಿಗೆ ತಲೆ ಕಪ್ಪಾಗ್ತದೆ. ಬಣ್ಣ, ಸುರುಳಿ ಬದಲಾಗಬಹುದು. ನನ್ನ ನೆಟ್ಟಗಿದ್ದ ಕೂದಲು ಈಗ ಗುಂಗುರು. ಅಪರೂಪಕ್ಕೆ ಕೆಲವರಿಗೆ, ಅದೂ ಕೆಲವು ಔಷಧಕ್ಕೆ, ಪೂರ್ತಿ ವಾಪಸ್ ಬರದೆಯೂ ಇರಬಹುದು. ಸುಳ್ಳು ಧೈರ್ಯ ಹೇಳೋದು ನನಗೆ ಬರೋದಿಲ್ಲ. ಬಂದ ಹೊಸ ಕೂದಲಿಗೂ ಮೊದಲ ಕೆಲವು ತಿಂಗಳು ಡೈ, ಬಿಸಿ ಎಣ್ಣೆ ಬೇಡ.

ಕೊನೆಗೆ ಸಂಘಟನೆಯ ಗೆಳೆಯರಿಗೆ ಒಂದು ಮಾತು. ಜಯಂತಿಗೆ ಡಿಜೆ, ಬ್ಯಾನರ್ ಅಂತ ಚಂದಾ ಎತ್ತತೀವಿ. ಅದರಲ್ಲಿ ಒಂದು ಬ್ಯಾನರಿನ ಖರ್ಚು ತೆಗೆದು ಪ್ರತಿ ಶಾಖೆಯಲ್ಲಿ ಒಂದು ಟ್ರಿಮ್ಮರ್, ಎರಡು ಥರ್ಮಾಮೀಟರ್, ಹತ್ತು ಮೀಟರ್ ಮೆತ್ತನೆ ಕಾಟನ್ ಬಟ್ಟೆ ಇಡೋಣ. ಕೇರಿಯಲ್ಲಿ ಯಾರಿಗೆ ಕಿಮೋ ಅಂತ ಗೊತ್ತಾದ್ರೂ ಹೋಗಿ ಕೊಟ್ಟು ಬರೋಣ, ಟ್ರಿಮ್ಮರ್ ಹಿಡಿಯೋ ಒಬ್ಬ ಹೆಣ್ಮಗಳನ್ನ ತಯಾರು ಮಾಡೋಣ. ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ ಅಂತ ಮನೆಯವರಿಗೆ ಹೇಳೋಣ. ಅಂಗಡಿಯಲ್ಲಿ ಜಾತಿ ಕಾರಣಕ್ಕೆ ಕಟಿಂಗ್ ಇಲ್ಲ ಅಂದ್ರೆ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಇದೆ, 14566 ಸಹಾಯವಾಣಿ ಇದೆ, ಆ ಹೋರಾಟ ಬೇರೆ ನಡೀತಾನೇ ಇರಲಿ. ಆದ್ರೆ ತಲೆ ಉರಿಯೋ ಹೆಣ್ಮಗಳು ತೀರ್ಪು ಬರೋವರೆಗೆ ಕಾಯೋಕಾಗೋದಿಲ್ಲ.

ಗಂಡಸರೇ, ನಿಮ್ಮ ಮನೆಯ ಹೆಣ್ಮಗಳಿಗೆ ಕೂದಲು ಹೋದಾಗ "ಹೊರಗ ಬರಬ್ಯಾಡ" ಅನ್ನಬೇಡಿ. ಬಟ್ಟೆ ಒಗೆದು ಒಣ ಹಾಕಿ, ತಲೆಗೆ ಕ್ರೀಮು ಹಚ್ಚಿಕೊಡಿ, ಮುಂದಿನ ಡೋಸಿನ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಕ್ಕತಂಗಿಯರೇ, ಯಾರ ನಿಶ್ಚಿತಾರ್ಥ ಇದ್ರೂ, ಯಾವ ಬೀಗರು ಬಂದ್ರೂ ಡೋಸ್ ತಪ್ಪಿಸಬೇಡಿ.

ಕಮೆಂಟಿನಲ್ಲಿ ಕೇಳೋಕೆ ಸಂಕೋಚ ಇದ್ದವರು ಇನ್‌ಬಾಕ್ಸ್ ಮಾಡಿ. ಸಂಜೆ ಆರರ ಮೇಲೆ ಉತ್ತರ ಕೊಡ್ತೀನಿ.

ಜೈ ಭೀಮ್. ಜೈ ಸಾವಿತ್ರಿ.